ನಮ್ಮ ಕ್ಲಬ್ಬಿನ ಓಟು ಎಲ್ಲಿಗೆ ಹೋಗುತ್ತದೆ? ಒಂದು ಕೌಂಟಿ ರಗ್ಬಿ ಸಂಘದ ಕಥೆ

ನಾನು ಕಂಪನಿ ಸೆಕ್ರೆಟರಿ. ಬೈಲಾ ಓದುವುದು, ಸಭೆಯ ನೋಟಿಸ್ ಕಳಿಸುವುದು, ನಡಾವಳಿ ಪುಸ್ತಕ ಸರಿಯಾಗಿದೆಯಾ ಅಂತ ನೋಡುವುದು ನನ್ನ ಕೆಲಸ. ಇಂಗ್ಲೆಂಡಿನ ಯಾರ್ಕ್‌ಶೈರ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಬಂದ ಮೇಲೆ ಮಗ ಮನೆ ಹತ್ತಿರದ ರಗ್ಬಿ ಕ್ಲಬ್ಬಿಗೆ ಸೇರಿದ. ಎರಡನೇ ವರ್ಷ ಅಲ್ಲಿನ ಹಿರಿಯರೊಬ್ಬರು, "ನಿಮಗೆ ಈ ಕಾಗದ ಪತ್ರ ಎಲ್ಲ ಗೊತ್ತಲ್ಲ, ಕಾರ್ಯದರ್ಶಿ ಆಗ್ತೀರಾ?" ಅಂದರು. ಒಪ್ಪಿಕೊಂಡೆ. ಸಂಬಳವಿಲ್ಲದ ಆ ಕೆಲಸದಿಂದ ಕಲಿತದ್ದು ಜಾಸ್ತಿ.

ಊರಿನ ಗೆಳೆಯರು ಕೇಳುತ್ತಾರೆ. ಇಡೀ ಇಂಗ್ಲೆಂಡಿನ ರಗ್ಬಿ ನಡೆಸಲು ಲಂಡನ್ನಿನ ಟ್ವಿಕನ್ಹ್ಯಾಮ್‌ನಲ್ಲಿ ಆರ್‌ಎಫ್‌ಯು (ರಗ್ಬಿ ಫುಟ್‌ಬಾಲ್ ಯೂನಿಯನ್) ಇದೆ. ಮಧ್ಯದಲ್ಲಿ ಈ ಕೌಂಟಿ ಸಂಘ ಯಾಕೆ ಬೇಕು?

ನಮ್ಮ ಹಾಲಿನ ಡೇರಿ ನೆನಪಿಸಿಕೊಳ್ಳಿ. ಹಳ್ಳಿಯಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ಮೇಲೆ ಕೆಎಂಎಫ್. ಇಲ್ಲೂ ಹಾಗೆಯೇ: ಕ್ಲಬ್, ಕೌಂಟಿ, ಆರ್‌ಎಫ್‌ಯು. ಸುಮ್ನೆ ಹೋಲಿಕೆಗೆ ಹೇಳಿದ ಮಾತಲ್ಲ ಇದು. ಆರ್‌ಎಫ್‌ಯು ನೋಂದಣಿಯಾಗಿರುವುದೇ ಸಹಕಾರ ಸಂಘಗಳ ಕಾನೂನಿನಡಿ. ಅದರ ಯಜಮಾನರು ಸದಸ್ಯ ಕ್ಲಬ್ಬುಗಳು. ಕ್ರೀಡಾ ಸಂಸ್ಥೆ ಅಂದರೆ ಮೇಲಿಂದ ಆದೇಶ ಬರುವ ಆಫೀಸು ಅಂತ ನಾನೂ ಅಂದುಕೊಂಡಿದ್ದೆ. ಬೈಲಾ ಓದಿದ ಮೇಲೆ ಆ ಭಾವನೆ ಹೋಯಿತು.

ಆರ್‌ಎಫ್‌ಯು ಅಡಿಯಲ್ಲಿ ಕೌಂಟಿ ಸಂಘದಂಥ 35 ಅಂಗಸಂಸ್ಥೆಗಳಿವೆ. ಅದರಲ್ಲಿ 28 ಊರು, ಪ್ರದೇಶದ ಲೆಕ್ಕದವು. ಉಳಿದ 7 ಭೂಸೇನೆ, ನೌಕಾಪಡೆ, ವಾಯುಪಡೆ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ವಿದ್ಯಾರ್ಥಿಗಳು ಮತ್ತು ಶಾಲೆಗಳದ್ದು. ಸರ್ಕಾರದ ನಕ್ಷೆಗೂ ರಗ್ಬಿ ನಕ್ಷೆಗೂ ಹೊಂದುವುದಿಲ್ಲ. ಡಾರ್ಸೆಟ್, ವಿಲ್ಟ್‌ಶೈರ್ ಎರಡೂ ಸೇರಿ ಒಂದೇ ಸಂಘ. ಸಮುದ್ರದಾಚೆ ಫ್ರಾನ್ಸಿನ ಮಗ್ಗುಲಲ್ಲಿರುವ ಜೆರ್ಸಿ ದ್ವೀಪದವರು ಹ್ಯಾಂಪ್‌ಶೈರಿಗೆ ಸೇರುತ್ತಾರೆ.

ಕೌಂಟಿ ಮಾಡುವ ಕೆಲಸ ಪೇಪರಿನಲ್ಲಿ ಬರುವುದಿಲ್ಲ. ಕೌಂಟಿ ಕಪ್ ನಡೆಸುತ್ತದೆ. ಹುಡುಗ ಹುಡುಗಿಯರ ವಯಸ್ಸಿನ ಗುಂಪಿನ ಪಂದ್ಯ ನೋಡಿಕೊಳ್ಳುತ್ತದೆ. ಮಕ್ಕಳ ಸುರಕ್ಷತೆಗೆ ಒಬ್ಬರನ್ನು ನೇಮಿಸುತ್ತದೆ. ಆರ್‌ಎಫ್‌ಯು ಕೌನ್ಸಿಲ್‌ಗೆ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತದೆ. ಕೆಳಗಿನ ಹಂತದ ಪಂದ್ಯಗಳಲ್ಲಿ ರೆಡ್ ಕಾರ್ಡ್ ಬಿದ್ದರೆ ವಿಚಾರಣೆ ಮಾಡುವುದೂ ಅದೇ.

ಅಂಥ ಒಂದು ವಿಚಾರಣೆಗೆ ನಮ್ಮ ಹುಡುಗನ ಜೊತೆ ಹೋಗಿದ್ದೆ. ಹತ್ತೊಂಬತ್ತು ವರ್ಷ. ಟ್ಯಾಕಲ್ ಮಾಡುವಾಗ, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಕೆಡವುವಾಗ, ಭುಜ ಎದುರಾಳಿಯ ದವಡೆಗೆ ತಗುಲಿತ್ತು. ಇನ್ನೊಂದು ಕ್ಲಬ್ಬಿನ ಮೇಲಿನ ಕೋಣೆ, ಮೂವರು ಸದಸ್ಯರು, ಮೇಜಿನ ಮೇಲೆ ನೀರಿನ ಜಗ್ಗು, ರೆಫರಿಯ ಒಂದು ಪುಟದ ವರದಿ. ಹುಡುಗ ಅಪ್ಪನ ಟೈ ಕಟ್ಟಿಕೊಂಡು ಬಂದಿದ್ದ. ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಮೂರು ಸಲ ನೋಡಿದರು. ತಲೆಗೆ ತಗುಲಿದ ಟ್ಯಾಕಲ್‌ಗೆ ಮಧ್ಯಮ ಹಂತ, ಅಂದರೆ 6 ವಾರದ ನಿಷೇಧದಿಂದ ಲೆಕ್ಕ ಶುರು. ತಪ್ಪು ಒಪ್ಪಿಕೊಂಡಿದ್ದ, ಹಿಂದೆ ಯಾವ ದೂರೂ ಇರಲಿಲ್ಲ, ಪೆಟ್ಟು ತಿಂದವನಿಗೆ ಅವತ್ತೇ ಫೋನ್ ಮಾಡಿ ಕ್ಷಮೆ ಕೇಳಿದ್ದ. ಅರ್ಧ ಕಡಿಮೆಯಾಗಿ 3 ವಾರ ಆಯಿತು. ಹೊರಡುವಾಗ ಅಧ್ಯಕ್ಷತೆ ವಹಿಸಿದ್ದವರು, "ವಾಪಸ್ ಬಂದ ಮೇಲೆ ಸೊಂಟ ಬಗ್ಗಿಸು ಮಗಾ" ಅಂದರು. ಅವರಿಗೆ ಅವತ್ತು ಸಿಕ್ಕಿದ್ದು ಒಂದು ಕಪ್ ಚಹಾ. ವಾರದ ಮಧ್ಯೆ, ಕೆಲಸ ಮುಗಿಸಿ, ಮಳೆಯಲ್ಲಿ ಕಾರು ಓಡಿಸಿಕೊಂಡು ಬಂದಿದ್ದರು. ಕೌಂಟಿ ಸಂಘ ಅಂದರೆ ನನಗೆ ಮೊದಲು ನೆನಪಾಗುವುದು ಆ ಕೋಣೆ.

ಈಗ ಹಳೆಯ ಕಥೆಗೆ ಬರೋಣ. ಆರ್‌ಎಫ್‌ಯು ಹುಟ್ಟಿದ್ದು 1871ರ ಜನವರಿ 26ರಂದು, ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟಿನಲ್ಲಿ, 21 ಕ್ಲಬ್ಬುಗಳು ಸೇರಿ. ಯಾರ್ಕ್‌ಶೈರ್ ತಂಡ ಲಂಕಾಶೈರ್ ಎದುರು ಲೀಡ್ಸ್‌ನಲ್ಲಿ ಆಡಿದ್ದು ಅದಕ್ಕಿಂತ ಮೊದಲೇ, 1870ರಲ್ಲಿ. ಆಗ ಕೌಂಟಿ ತಂಡ ಆರಿಸುತ್ತಿದ್ದವರು ಐದು ದೊಡ್ಡ ಕ್ಲಬ್ಬಿನವರು: ಲೀಡ್ಸ್, ಬ್ರ್ಯಾಡ್‌ಫರ್ಡ್, ಹಡರ್ಸ್‌ಫೀಲ್ಡ್, ಹಲ್, ಯಾರ್ಕ್. 1877ರಲ್ಲಿ ಯಾರ್ಕ್‌ಶೈರ್ ಕಪ್ ಶುರುವಾಯಿತು. ಮೊದಲ ಸಲ ಗೆದ್ದದ್ದು ಹ್ಯಾಲಿಫ್ಯಾಕ್ಸ್. ಜನ ಅದನ್ನು ಪ್ರೀತಿಯಿಂದ 'ಹಳೇ ತಗಡಿನ ಚೊಂಬು' ಅಂತ ಕರೆದರು. ಗಿರಣಿ ಊರುಗಳಲ್ಲಿ ಜನ ಮುಗಿಬಿದ್ದು ಪಂದ್ಯ ನೋಡತೊಡಗಿದರು. ಸಣ್ಣ ಸಣ್ಣ ಕ್ಲಬ್ಬುಗಳು ಹುಟ್ಟಿಕೊಂಡವು, ಐದೇ ಕ್ಲಬ್ಬುಗಳ ಯಜಮಾನಿಕೆ ಯಾಕೆ ಅಂತ ಕೇಳಿದವು. 1888ರಲ್ಲಿ ಎಲ್ಲರಿಗೂ ಜಾಗ ಕೊಡುವ ಯಾರ್ಕ್‌ಶೈರ್ ರಗ್ಬಿ ಯೂನಿಯನ್ ಬಂತು. ಕೌಂಟಿ ಚಾಂಪಿಯನ್‌ಷಿಪ್ಪಿನ ಮೊದಲ ಎಂಟು ವರ್ಷದಲ್ಲಿ ಏಳು ಸಲ ಯಾರ್ಕ್‌ಶೈರೇ ಗೆದ್ದಿತು. 1891ರಲ್ಲಿ ಮಾತ್ರ ಲಂಕಾಶೈರ್.

ಆ ಆಟಗಾರರಲ್ಲಿ ಬಹಳ ಜನ ಗಣಿ, ಗಿರಣಿಯ ಕೆಲಸಗಾರರು. ಶನಿವಾರವೂ ಅರ್ಧ ದಿನ ಕೆಲಸ. ದೂರದ ಊರಿಗೆ ಆಡಲು ಹೋದರೆ ಆ ಕೂಲಿ ಹೋಯಿತು. 1886ರಲ್ಲೇ ಆರ್‌ಎಫ್‌ಯು ಆಟಕ್ಕೆ ದುಡ್ಡು ಕೊಡಬಾರದು ಅಂತ ನಿಯಮ ಮಾಡಿತ್ತು. ಯಾರ್ಕ್‌ಶೈರಿನವರು ಸಂಬಳ ಕೇಳಲಿಲ್ಲ. ತಪ್ಪಿದ ಕೂಲಿಯನ್ನಷ್ಟೇ ತುಂಬಿಕೊಡಲು ಬಿಡಿ ಅಂದರು. 1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸರ್ವ ಸದಸ್ಯರ ಸಭೆಯಲ್ಲಿ ಜೇಮ್ಸ್ ಮಿಲ್ಲರ್ ಈ ಠರಾವು ಮಂಡಿಸಿದರು. ಮಾರ್ಕ್ ನ್ಯೂಸಮ್ ಅನುಮೋದಿಸಿದರು. ಪರವಾಗಿ 136, ವಿರುದ್ಧ 282. ಬಿದ್ದುಹೋಯಿತು.

ನನ್ನ ವೃತ್ತಿಯವರಿಗೆ ಇಲ್ಲೊಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ವಿರೋಧಿಗಳು ಸಭೆಗೆ ಬರದ ಕ್ಲಬ್ಬುಗಳಿಂದ ಮೊದಲೇ ಪ್ರಾಕ್ಸಿ ಪತ್ರ, ಅಂದರೆ ನಮ್ಮ ಪರವಾಗಿ ನೀವೇ ಓಟು ಹಾಕಿ ಅನ್ನುವ ಪತ್ರ, ಬರೆಸಿಕೊಂಡಿದ್ದರು. ಒಬ್ಬರ ಕೈಯಲ್ಲೇ ಸುಮಾರು 120 ಓಟಿದ್ದವು. ಅವನ್ನು ಕಳೆದರೂ 162 ಉಳಿಯುತ್ತದೆ, ಠರಾವು ಆಗಲೂ ಸೋಲುತ್ತಿತ್ತು. ಆದರೆ ಅಂತರ 146ರಿಂದ 26ಕ್ಕೆ ಇಳಿಯುತ್ತದೆ ಅಲ್ವಾ? ಇಪ್ಪತ್ತಾರು ಓಟಿನಲ್ಲಿ ಗೆದ್ದವರು ಸೋತವರನ್ನು ಮತ್ತೆ ಮಾತಿಗೆ ಕರೆಯುತ್ತಿದ್ದರು ಅಂತ ನನಗೆ ಅನಿಸುತ್ತದೆ. ಇಂಥ ಸಭೆಗಳನ್ನು ನಡೆಸಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಕಥೆ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಮೊದಲ ಹಂಗಾಮಿನಲ್ಲಿ 22 ಕ್ಲಬ್ಬುಗಳಿದ್ದವು. ದಿನಕ್ಕೆ 6 ಶಿಲ್ಲಿಂಗ್ ಕೂಲಿ ಭರ್ತಿ ಕೊಟ್ಟವು. ಅದೇ ಇವತ್ತಿನ ರಗ್ಬಿ ಲೀಗ್. ಆರ್‌ಎಫ್‌ಯು ಜೊತೆ ಉಳಿದವರ ಆಟಕ್ಕೆ ಯೂನಿಯನ್ ರಗ್ಬಿ ಅನ್ನುತ್ತಾರೆ. ಇತ್ತ ಯಾರ್ಕ್‌ಶೈರ್ ಯೂನಿಯನ್ ಪೂರ್ತಿ ಸೊರಗಿತು. ಗಟ್ಟಿ ಕ್ಲಬ್ಬುಗಳು ಹೋದವು. ಆ ಕಡೆ ಆಡಿದವರಿಗೆ ಈ ಕಡೆ ಜೀವನಪೂರ್ತಿ ನಿಷೇಧ. 1896ರಲ್ಲಿ ಚಾಂಪಿಯನ್ ಆದ ಕೌಂಟಿ ಮತ್ತೆ ಚಾಂಪಿಯನ್ ಆಗಿದ್ದು 1926ರಲ್ಲಿ. ಮೂವತ್ತು ವರ್ಷ! 1886ರ ಆ ನಿಯಮವನ್ನು ಯೂನಿಯನ್ ರಗ್ಬಿ ಕೊನೆಗೂ ಕೈಬಿಟ್ಟು ಆಟಗಾರರಿಗೆ ದುಡ್ಡು ಕೊಡಲು ಒಪ್ಪಿದ್ದು 1995ರ ಆಗಸ್ಟಿನಲ್ಲಿ. ಕ್ಲಬ್ಬುಗಳು ಬೇರೆಯಾದ ಬರೋಬ್ಬರಿ ನೂರು ವರ್ಷದ ನಂತರ. ಗಿರಣಿ ಕೆಲಸಗಾರನ ಅರ್ಧ ದಿನದ ಕೂಲಿಗೆ ನೂರು ವರ್ಷ ಜಗಳವಾಡಿದ್ದು ನೆನೆದರೆ ಈಗಲೂ ಬೇಜಾರಾಗುತ್ತದೆ.

ಕ್ಲಬ್ಬುಗಳ ಓಟಿನ ಬೆಲೆ ಏನು ಅಂತ ಮತ್ತೆ ನೋಡಿದ್ದು 2025ರ ಮಾರ್ಚ್ 27ರಂದು. ಆರ್‌ಎಫ್‌ಯು 3.79 ಕೋಟಿ ಪೌಂಡ್ ನಷ್ಟ ತೋರಿಸಿತ್ತು, 42 ಜನರ ಕೆಲಸ ಹೋಗಿತ್ತು. ಅದೇ ಲೆಕ್ಕಪತ್ರದಲ್ಲಿ ಮುಖ್ಯಸ್ಥ ಬಿಲ್ ಸ್ವೀನಿ ಅವರಿಗೆ ಬೋನಸ್ ಸೇರಿ 11 ಲಕ್ಷ ಪೌಂಡ್ ಕೊಟ್ಟದ್ದಿತ್ತು. ಕ್ಲಬ್ಬುಗಳು ಸಹಿ ಹಾಕಿ ವಿಶೇಷ ಸಭೆ ಕರೆಸಿದವು. ಅವಿಶ್ವಾಸದ ಪರ 206, ವಿರುದ್ಧ 466. ಠರಾವು ಸೋತಿತು. ಆದರೆ ಹಳ್ಳಿ ಮೈದಾನದ ಕ್ಲಬ್ಬೊಂದು ಟ್ವಿಕನ್ಹ್ಯಾಮ್‌ನ ದೊಡ್ಡವರನ್ನು ನಿಲ್ಲಿಸಿ ಲೆಕ್ಕ ಕೇಳಬಹುದು ಅಂತ ನಮ್ಮ ಬಾರ್ ಹಿಂದೆ ನಿಂತು ಗ್ಲಾಸ್ ಒರೆಸುವವರಿಗೂ ಗೊತ್ತಾಯಿತು.

ಹಾಗಂತ ಎಲ್ಲರೂ ಓಟು ಹಾಕುತ್ತಾರೆ ಅಂದುಕೊಳ್ಳಬೇಡಿ. ನಾನು ಬರುವ ಮೊದಲು ಒಂದು ವರ್ಷ ನಮ್ಮ ಕ್ಲಬ್ಬಿನ ಪ್ರಾಕ್ಸಿ ಫಾರ್ಮ್ ಹೋಗಲೇ ಇಲ್ಲವಂತೆ. ಕೌಂಟಿಯಿಂದ ಬಂದ ಈಮೇಲ್, ರಾಜೀನಾಮೆ ಕೊಟ್ಟುಹೋದ ಹಳೆಯ ಕಾರ್ಯದರ್ಶಿಯ ಇನ್‌ಬಾಕ್ಸಿನಲ್ಲಿ ಬಿದ್ದಿತ್ತು. ಯಾರಿಗೂ ಸಿಟ್ಟೂ ಬರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತೇ ಆಗಲಿಲ್ಲ. ನಾನು ಬಂದ ಮೇಲೆ ಮಾಡಿದ ಮೊದಲ ಕೆಲಸ, ಕ್ಲಬ್ಬಿನ ಹೆಸರಿನಲ್ಲೇ ಒಂದು ಈಮೇಲ್ ವಿಳಾಸ ಮಾಡಿಸಿದ್ದು. ಪಾಸ್‌ವರ್ಡ್ ಮೂವರ ಹತ್ತಿರ ಇರುತ್ತದೆ. ಕೌಂಟಿ ಸಭೆಯ ನೋಟಿಸ್ ಬಂದ ದಿನವೇ ಪ್ರಿಂಟ್ ತೆಗೆದು ಬಾರಿನ ಪಕ್ಕದ ಬೋರ್ಡಿಗೆ ಅಂಟಿಸುತ್ತೇನೆ.

ಈ ವರ್ಷದ ನೋಟಿಸ್ ಹೋದ ವಾರ ಬಂತು. ಫಾರ್ಮಿನಲ್ಲಿ ಪ್ರಾಕ್ಸಿ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದೇವೆ. ಅಧ್ಯಕ್ಷರೂ ನಾನೂ ಖುದ್ದಾಗಿ ಹೋಗುತ್ತಿದ್ದೇವೆ.