ಎತ್ತಿ ಅಂದ್ರೆ ಒತ್ತಬೇಡಿ

"ಮೇಡಂ, ದಿನಾ 200 ಸಲ ಮಾಡ್ತಿದ್ದೀನಿ. ಆದ್ರೂ ಕೆಳಗೆ ಜಾರೋದು ಜಾಸ್ತಿನೇ ಆಗ್ತಿದೆ."

ಹೀಗೆ ಹೇಳಿದವರಿಗೆ ಎರಡನೇ ಹೆರಿಗೆಯಾಗಿ 5 ತಿಂಗಳಾಗಿತ್ತು. ಮಧ್ಯಾಹ್ನ ಕಳೆಯುತ್ತಿದ್ದಂತೆ ಕೆಳಗೆ ಭಾರ. ಸ್ನಾನ ಮಾಡುವಾಗ ಕೈಗೆ ಮೆತ್ತನೆಯ ಉಂಡೆಯಂಥದ್ದು ತಾಗುತ್ತಿತ್ತು. ಯೋನಿಯ ಮುಂದಿನ ಗೋಡೆ ಸಡಿಲವಾಗಿ, ಅದರ ಜೊತೆ ಮೂತ್ರಕೋಶವೂ ಇಳಿದಿತ್ತು. ಯೋನಿ, ಮೂತ್ರಕೋಶಗಳಿಗೆ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳನ್ನು ಬಿಗಿದು ಮೇಲಕ್ಕೆ ಎತ್ತುವ ಕೀಗಲ್ ವ್ಯಾಯಾಮ ಮಾಡಿ ಅಂತ ಯಾರೋ ಅಂದಿದ್ದರು. ಪಾಪ, ಒಂದು ದಿನವೂ ತಪ್ಪಿಸಿರಲಿಲ್ಲ.

"ಎಲ್ಲಿ, ಒಂದು ಸಲ ಮಾಡಿ" ಅಂದೆ. ಉಸಿರು ಬಿಗಿ ಹಿಡಿದರು. ಮುಖ ಕೆಂಪಾಯಿತು, ಹೊಟ್ಟೆ ಉಬ್ಬಿತು. ಪರೀಕ್ಷೆ ಮಾಡುತ್ತಿದ್ದ ನನ್ನ ಬೆರಳನ್ನು ಸ್ನಾಯು ಅಪ್ಪಿ ಹಿಡಿದು ಒಳಕ್ಕೆ ಎಳೆಯಬೇಕಿತ್ತು. ಅದು ಹೊರಕ್ಕೆ ತಳ್ಳಿತು. ಅವರ ತೊಂದರೆ ಜಾಸ್ತಿಯಾಗಿದ್ದು ಇದರಿಂದಲೇ ಅಂತ ನಾನು ಖಚಿತವಾಗಿ ಹೇಳಲಾರೆ. ಆದರೆ ದಿನಕ್ಕೆ 200 ಸಲ ಅವರು ಮಾಡುತ್ತಿದ್ದದ್ದು ವ್ಯಾಯಾಮವಲ್ಲ, ತಿಣುಕುವುದು.

ಇದು ಅವರೊಬ್ಬರ ಕಥೆಯಲ್ಲ. 1991ರ ಒಂದು ಅಧ್ಯಯನದಲ್ಲಿ 47 ಮಹಿಳೆಯರಿಗೆ ಬರೀ ಬಾಯಿಮಾತಿನಲ್ಲಿ ಹೇಳಿಕೊಟ್ಟು ನೋಡಿದ್ದರು. ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಸರಿಯಾಗಿ ಬಂತು. ಸುಮಾರು ನಾಲ್ವರಲ್ಲಿ ಒಬ್ಬರು ಮಾಡುತ್ತಿದ್ದ ರೀತಿಯಿಂದ ಮೂತ್ರ ಸೋರುವುದು ಹೆಚ್ಚಾಗುವ ಸಾಧ್ಯತೆಯೇ ಇತ್ತು. ಹಾಗಾಗಿ ನನಗೆ ಸಿಟ್ಟು ಬರುವುದು ಈ ಹೆಂಗಸರ ಮೇಲಲ್ಲ. ಕೈಗೊಂದು ಹಾಳೆ ಕೊಟ್ಟು "ಬಿಗಿ ಮಾಡಿ, ಬಿಡಿ" ಅಂತ ಕಳಿಸಿಬಿಡುತ್ತಾರಲ್ಲ, ಅವರ ಮೇಲೆ. ಈ ವ್ಯಾಯಾಮಕ್ಕೆ ಹೆಸರು ಕೊಟ್ಟ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲೇ ಒತ್ತಡ ಅಳೆಯುವ ಉಪಕರಣ ಬಳಸುತ್ತಿದ್ದರು. ಸರಿಯಾದ ಸ್ನಾಯು ಕೆಲಸ ಮಾಡಿದರೆ ಮುಳ್ಳು ಏರುವುದು ಹೆಂಗಸರ ಕಣ್ಣಿಗೇ ಕಾಣುತ್ತಿತ್ತು. ಆ ಭಾಗವನ್ನು ನಾವು ಕೈಬಿಟ್ಟೆವು, ಹೆಸರು ಮಾತ್ರ ಉಳಿಸಿಕೊಂಡೆವು.

ಸರಿ, ಎತ್ತೋದು ಹೇಗೆ? ಮಂಡಿ ಮಡಚಿ ಮಲಗಿ. ನಾಲ್ಕು ಜನರ ಮಧ್ಯೆ ಕೂತಾಗ ಗ್ಯಾಸ್ ಹೊರಗೆ ಬರದಂತೆ ತಡೀತೀರಲ್ಲ, ಅಲ್ಲಿಂದ ಶುರು ಮಾಡಿ. ಹಿಂದಿನಿಂದ ಮುಂದಕ್ಕೆ, ಆಮೇಲೆ ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಹೊಟ್ಟೆ ಉಬ್ಬಿ ಕೈಯನ್ನು ತಳ್ಳಿದರೆ ನೀವು ಒತ್ತುತ್ತಿದ್ದೀರಿ. ಕೆಳಗೊಂದು ಕೈಗನ್ನಡಿ ಹಿಡಿದು ನೋಡಿ. ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗ ಒಳಕ್ಕೆ ಸರಿಯಬೇಕು. ಅದು ಕನ್ನಡಿಯ ಕಡೆಗೆ ಉಬ್ಬಿ ಬಂದರೆ ಅಲ್ಲಿಗೇ ನಿಲ್ಲಿಸಿ, ಮುಂದುವರಿಸಬೇಡಿ. ಕನ್ನಡಿ ಅಂದ ಕೂಡಲೇ ನಾಚಿಕೊಳ್ಳುತ್ತಾರೆ. ನಿಮ್ಮದೇ ದೇಹ ಅಲ್ವಾ, ನೋಡಿದರೆ ತಪ್ಪೇನು?

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಎತ್ತಿ ಹಿಡಿದುಕೊಂಡೇ ನನ್ನ ಜೊತೆ ಮಾತಾಡಿ ಅಂತೀನಿ. ಮಾತು ನಿಂತುಹೋದರೆ ಉಸಿರು ಕಟ್ಟಿದ್ದಾರೆ ಅಂತ ಅರ್ಥ. ಉಸಿರು ಕಟ್ಟಿದರೆ ಹೊಟ್ಟೆಯ ಒತ್ತಡವೆಲ್ಲ ಕೆಳಗೆ ಇಳಿಯುತ್ತದೆ. ಇನ್ನು, ಎಷ್ಟು ಎತ್ತುತ್ತೀರೋ ಅಷ್ಟೇ ಪೂರ್ತಿಯಾಗಿ ಸಡಿಲ ಬಿಡಲೂ ಬೇಕು. 200 ಸಲ ಬೇಡವೇ ಬೇಡ. ಸಾಮಾನ್ಯವಾಗಿ 8 ಸಲದಂತೆ ದಿನಕ್ಕೆ 3 ಹೊತ್ತು ಹೇಳುತ್ತೇವೆ, ಆದರೆ ನಿಮ್ಮ ಲೆಕ್ಕವನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ಕೆಲವರ ಸ್ನಾಯು ಮೊದಲೇ ಬಿಗಿಯಾಗಿದ್ದು ನೋಯುತ್ತಿರುತ್ತದೆ. ಅವರು ಮೊದಲು ಸಡಿಲ ಬಿಡುವುದನ್ನೇ ಕಲಿಯಬೇಕಾಗುತ್ತದೆ.

ಸೀನು, ಕೆಮ್ಮು ಬರುವ ಮುಂಚೆ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಇದನ್ನೇ ಒಂದು ಸಲ ಮಾಡಿ. ಮೇಲೇಳುವಾಗ ಉಸಿರು ಹೊರಗೆ ಬಿಡಿ. ಮಲಬದ್ಧತೆ ಇಟ್ಟುಕೊಂಡು ಬೆಳಿಗ್ಗೆ ಬೆಳಿಗ್ಗೆ ತಿಣುಕುತ್ತಾ ಕೂತರೆ ದಿನವಿಡೀ ಮಾಡಿದ ವ್ಯಾಯಾಮ ನೀರಲ್ಲಿ ಹೋಮ. ಅದಕ್ಕೆ ಮೊದಲು ಚಿಕಿತ್ಸೆ ಮಾಡಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೆ ವಾಸಿಯಾಗುತ್ತಾ ಅಂತ ಕೇಳುತ್ತಾರೆ. ಸಣ್ಣ ಪ್ರಮಾಣದ ಜಾರುವಿಕೆಯಲ್ಲಿ ತೊಂದರೆ ಕಡಿಮೆಯಾಗುವುದನ್ನು ನೋಡುತ್ತಲೇ ಇರುತ್ತೇನೆ. ಅದಕ್ಕೂ ಕನಿಷ್ಠ 16 ವಾರ ಬಿಡದೆ ಮಾಡಬೇಕು. ಹೆರಿಗೆಯಲ್ಲಿ ಸ್ನಾಯು ಮೂಳೆಯಿಂದಲೇ ಕಿತ್ತು ಬಂದಿದ್ದರೆ ವ್ಯಾಯಾಮ ಅದನ್ನು ಮತ್ತೆ ಅಂಟಿಸುವುದಿಲ್ಲ. ಎದೆಹಾಲು ಕುಡಿಸುವಾಗ ಈಸ್ಟ್ರೋಜನ್ ಕಡಿಮೆಯಿರುತ್ತದೆ, ಒಳಗೆಲ್ಲ ಒಣಗಿದ ಹಾಗಿರುತ್ತದೆ. ಹಾಲು ಬಿಡಿಸಿದ ಮೇಲೆ ಎಷ್ಟೋ ಜನರಿಗೆ ತಾನಾಗಿಯೇ ಹಗುರ ಅನಿಸುತ್ತದೆ. ಅಲ್ಲಿಯವರೆಗೆ ಪೆಸರಿ ಅನ್ನುವ ಸಿಲಿಕೋನ್ ಬಳೆ ಒಳಗಿಟ್ಟುಕೊಂಡರೆ ಆಸರೆ ಸಿಗುತ್ತದೆ. ಅದು ಮುದುಕಿಯರಿಗೆ ಅಂತ ಮುಖ ಸಿಂಡರಿಸಬೇಡಿ. ಅಳತೆ ನೋಡಿ ಹಾಕಿಸಿಕೊಂಡು ಓಡಾಡುವ ಚಿಕ್ಕ ವಯಸ್ಸಿನ ತಾಯಂದಿರು ಬೇಕಾದಷ್ಟಿದ್ದಾರೆ. ಆದರೆ ಮೂತ್ರ ಕಟ್ಟಿಕೊಂಡರೆ, ರಕ್ತ ಹೋದರೆ, ಜೋರು ನೋವಿದ್ದರೆ ಕಾಯಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಆ 200ರ ತಾಯಿ 4 ವಾರ ಬಿಟ್ಟು ಬಂದರು. ಉಂಡೆ ಇನ್ನೂ ಇತ್ತು. ಭಾರ ಮಾತ್ರ ಈಗ ರಾತ್ರಿಯ ಹೊತ್ತಿಗೆ ಶುರುವಾಗುತ್ತದೆ ಅಂದರು. ಮಾಡಿ ತೋರಿಸಿ ಅಂದೆ. ಹೊಟ್ಟೆ ಅಲುಗಲಿಲ್ಲ. ಮಗುವಿಗೆ ಮೊದಲ ಹಲ್ಲು ಬಂದ ಕಥೆ ಹೇಳುತ್ತಾ ಹೇಳುತ್ತಾ, ಮಾತು ಒಂದು ಕಡೆಯೂ ತಡೆಯದೆ, 6 ಸೆಕೆಂಡ್ ಎತ್ತಿ ಹಿಡಿದರು.