ಹಳೇ ಯುದ್ಧವಿಮಾನ ಮಾರುವ ಕಂಪನಿಯಲ್ಲಿ ಯಾರ್ಯಾರು ಇರ್ತಾರೆ?

ಪ್ರಶ್ನೆ: ಅಮೆರಿಕದಲ್ಲಿ ಹಳೇ ಜೆಟ್ ಯುದ್ಧವಿಮಾನಗಳನ್ನು ಮಾರುವ ಸಣ್ಣ ಸಣ್ಣ ಕಂಪನಿಗಳಿವೆಯಂತೆ. ಅವುಗಳಲ್ಲಿ ಎಂಥವರು ಕೆಲಸ ಮಾಡ್ತಾರೆ? ದುಡ್ಡಿದ್ದರೆ ಒಂದನ್ನು ತಂದು ನಮ್ಮ ಶಿವಮೊಗ್ಗದ ಸೊಗಾನೆ ಏರ್‌ಪೋರ್ಟಿನಿಂದ ಹಾರಿಸಬಹುದಾ? ನನ್ನ ಮಗ ದಿನಾ ಇದನ್ನೇ ಕೇಳ್ತಾನೆ.
(ತೀರ್ಥಹಳ್ಳಿಯ ಓದುಗರೊಬ್ಬರು)

ಉತ್ತರ: ಸೊಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ನಮ್ಮ ಕಡೆಯ ಹುಡುಗರ ಪ್ರಶ್ನೆಗಳೇ ಬದಲಾಗಿವೆ. 2023ರ ಫೆಬ್ರವರಿಯಲ್ಲಿ ಏರ್‌ಪೋರ್ಟ್ ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ ಇದೆ, ಹಳೇ ತರಬೇತಿ ಜೆಟ್ ಇಳಿಸಲು ಧಾರಾಳವಾಯಿತು. ತೊಡಕು ಇರುವುದು ಬೇರೆ ಕಡೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಸರಕು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಈ ವ್ಯಾಪಾರದಲ್ಲಿ ಹೆಚ್ಚು ಕೈ ಬದಲಾಗುವುದು ಎಲ್-39 ಆಲ್ಬಾಟ್ರೋಸ್ ಅನ್ನುವ ತರಬೇತಿ ಜೆಟ್. ಜೆಕೊಸ್ಲೊವಾಕಿಯಾದ ಆಯ್ರೊ ವೊಡೊಹೊಡಿ ಕಾರ್ಖಾನೆಯದು. 1968ರಲ್ಲಿ ಮೊದಲ ಸಲ ಹಾರಿತು. ಒಟ್ಟು 2,800ಕ್ಕೂ ಜಾಸ್ತಿ ತಯಾರಾದವು. ಸೋವಿಯತ್ ಬಣದ ಎಷ್ಟೋ ಪೈಲಟ್‌ಗಳು ಜೆಟ್ ಹಾರಿಸಲು ಕಲಿತಿದ್ದು ಇದರಲ್ಲಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಲ್ಲಿಯ ವಾಯುಪಡೆಗಳ ಹತ್ತಿರ ವಿಮಾನ ಇತ್ತು, ದುಡ್ಡಿರಲಿಲ್ಲ. ಅಮೆರಿಕದ ಕೆಲವು ಪೈಲಟ್‌ಗಳ ಹತ್ತಿರ ದುಡ್ಡಿತ್ತು. ಹೀಗೆ ನೂರಾರು ಆಲ್ಬಾಟ್ರೋಸ್‌ಗಳು ಅಟ್ಲಾಂಟಿಕ್ ದಾಟಿದವು. ಈಗ ಹಾರುವ ಸ್ಥಿತಿಯ ಒಂದಕ್ಕೆ ಸುಮಾರು 2ರಿಂದ 4 ಲಕ್ಷ ಡಾಲರ್.

ಭಾರತದಿಂದಲೂ ಹಳೇ ವಿಮಾನಗಳು ಹೀಗೆ ಹೊರಗೆ ಹೋಗಿವೆ. ಆರ್ಮಂಡ್ ಹೇಡನ್-ಬೈಲಿ ಅಂತ ಒಬ್ಬ ಪೈಲಟ್ ಇದ್ದರು. 1970ರ ದಶಕದಲ್ಲಿ ನಮ್ಮ ವಾಯುಪಡೆ ಬಿಟ್ಟಿದ್ದ ಸ್ಪಿಟ್‌ಫೈರ್ ವಿಮಾನಗಳನ್ನು ಕೊಂಡು ಸಾಗಿಸಿದವರು ಅವರು. ಅವು ಜೆಟ್ ಅಲ್ಲ, ಪ್ರೊಪೆಲರ್ ವಿಮಾನಗಳು. ಆದರೆ ಅವರ ಸ್ವಂತದ್ದೊಂದು ಟಿ-33 ಜೆಟ್ ಕೂಡ ಇತ್ತು. ಈ ವ್ಯಾಪಾರ ಶುರು ಮಾಡಿದವರು ಬಹುತೇಕ ಇಂಥವರೇ. ಮೊದಲು ಹಾರಿಸುವ ಹುಚ್ಚು, ಆಮೇಲೆ ಅಂಗಡಿ.

ಈಗ ಕಂಪನಿಯ ಒಳಗೆ ಹೋಗೋಣ. ಸಾಮಾನ್ಯವಾಗಿ ಅದು ಸಣ್ಣ ಊರಿನ ಏರ್‌ಪೋರ್ಟಿನಲ್ಲಿ ಒಂದು ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು), ಬೆರಳೆಣಿಕೆಯಷ್ಟು ಜನ. ಮಾಲೀಕ ಅಥವಾ ಪಾಲುದಾರ ಒಬ್ಬ ಮಾಜಿ ವಾಯುಪಡೆ ಪೈಲಟ್ ಆಗಿರುವುದು ಮಾಮೂಲು. ಪರೀಕ್ಷಾ ಹಾರಾಟ ಮಾಡುವುದು, ಕೊಂಡವನಿಗೆ ಕಲಿಸುವುದು, ಫೋನ್ ಎತ್ತುವುದು ಎಲ್ಲ ಒಬ್ಬರೇ. ಆದರೆ ನನ್ನ ಪ್ರಕಾರ ಅಲ್ಲಿ ನಿಜವಾದ ಯಜಮಾನ ಮೆಕ್ಯಾನಿಕ್.

ಮಿಲಿಟರಿ ಹರಾಜಿನ ಜೀಪು ಕೊಂಡ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಜೀಪು ನೋಡಲು ಹೋಗುವಾಗ ಗುರುತಿನ ಮೆಕ್ಯಾನಿಕ್‌ನನ್ನು ಜೊತೆಗೆ ಕರ್ಕೊಂಡು ಹೋಗ್ತೀವಿ ಅಲ್ವಾ? ಮಾರುವವನು ಹೊಸ ಪೇಂಟ್ ತೋರಿಸುತ್ತಿರುತ್ತಾನೆ, ಇವನು ಚಾಸಿಸ್ ಕೆಳಗೆ ಮಲಗಿರುತ್ತಾನೆ. ಇಲ್ಲೂ ಅಷ್ಟೇ. ರೆಕ್ಕೆ ದೇಹಕ್ಕೆ ಸೇರುವ ಜಾಗದಲ್ಲಿ ಬಿರುಕಿದೆಯಾ? ತಗಡು ಕೂಡಿಸುವ ರಿವೆಟ್ ಮೊಳೆಗಳ ಸುತ್ತ ಬಿಳಿ ಪುಡಿ ಕಟ್ಟಿದೆಯಾ? ಅದು ಅಲ್ಯೂಮಿನಿಯಂ ತಿಂದು ಹೋಗುತ್ತಿರುವ ಗುರುತು. ರಬ್ಬರ್ ಹೋಸ್‌ಗಳ ಮೇಲೆ ಯಾವ ವರ್ಷ ಅಚ್ಚಾಗಿದೆ? ವಿಮಾನ ಹಾರದೆ ಸುಮ್ನೆ ನಿಂತಿದ್ದರೂ ಹೋಸು, ಸೀಲುಗಳ ವಯಸ್ಸು ಓಡುತ್ತಲೇ ಇರುತ್ತದೆ.

ಆಮೇಲೆ ಲಾಗ್‌ಬುಕ್. ಪೂರ್ವ ಯುರೋಪಿನಿಂದ ಬಂದ ವಿಮಾನದ ಲಾಗ್‌ಬುಕ್ ಹೆಚ್ಚಾಗಿ ರಷ್ಯನ್ ಭಾಷೆಯಲ್ಲಿ, ಕೈಬರಹದಲ್ಲಿರುತ್ತದೆ. ಪ್ರತಿ ಹಾರಾಟದ ಗಂಟೆ, ಬದಲಾಯಿಸಿದ ಭಾಗ, ಇಂಜಿನ್ ಕೊನೆಯ ಸಲ ಪೂರ್ತಿ ಬಿಚ್ಚಿದ ದಿನ, ಎಲ್ಲ ಅದರಲ್ಲೇ. ಇದನ್ನು ಓದಿ ಬಿಡಿಸುವ ಒಬ್ಬರು ಬೇಕೇ ಬೇಕು. ಅವರೇ ಹೆಚ್ಚಾಗಿ ಬಿಡಿಭಾಗ ಹುಡುಕುವವರೂ ಆಗಿರುತ್ತಾರೆ. ಪುಸ್ತಕದಲ್ಲಿ ನಡುವೆ ಎರಡು ವರ್ಷ ಖಾಲಿ ಇದ್ದರೆ ಬೆಲೆ ಬಿದ್ದಂತೆಯೇ. ಆ ಎರಡು ವರ್ಷ ವಿಮಾನ ಶೆಡ್ಡಿನಲ್ಲಿತ್ತೋ ಮಳೆಯಲ್ಲಿತ್ತೋ ಯಾರಿಗೆ ಗೊತ್ತು?

ಯುದ್ಧದ ಸಾಮಾನು ತೆಗೆಯುವುದು ಇನ್ನೊಂದು ಕೆಲಸ. ಬಂದೂಕು, ಬಾಂಬ್ ಬಿಡುವ ವ್ಯವಸ್ಥೆ ಇರುವಂತಿಲ್ಲ. ತುಂಬ ಸೂಕ್ಷ್ಮದ್ದು ಇಜೆಕ್ಷನ್ ಸೀಟು. ಅಪಾಯ ಬಂದಾಗ ಪೈಲಟ್‌ನನ್ನು ಹೊರಗೆ ಚಿಮ್ಮಿಸಲು ಅದರೊಳಗೆ ಸ್ಫೋಟಕದ ಕಾರ್ಟ್ರಿಜ್ ಇರುತ್ತದೆ. ಆ ಕಾರ್ಟ್ರಿಜ್‌ಗೂ ಕಡೇ ತಾರೀಖು ಉಂಟು. ಹೊಸದು ಸಿಗದಿದ್ದರೆ ಅದನ್ನು ತೆಗೆದು ಮಾಮೂಲಿ ಕುರ್ಚಿ ಮಾಡಿಬಿಡುತ್ತಾರೆ. ಇದು ಗೊತ್ತಿದ್ದ ಕೈ ಮಾತ್ರ ಮುಟ್ಟುವ ಕೆಲಸ. ಕೊನೆಗೆ ಎತ್ತರ, ವೇಗವನ್ನು ಮೀಟರ್, ಕಿಲೋಮೀಟರಿನಲ್ಲಿ ತೋರಿಸುವ ಡಯಲ್‌ಗಳನ್ನು ತೆಗೆದು ಅಡಿ, ನಾಟ್‌ನಲ್ಲಿ ತೋರಿಸುವುದನ್ನು ಕೂರಿಸುತ್ತಾರೆ.

ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಪ್ರೈಡ್ ಏರ್‌ಕ್ರಾಫ್ಟ್ ಅಂತ ಒಂದು ಕಂಪನಿ ಇದೆ. ಆಲ್ಬಾಟ್ರೋಸ್‌ಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಹೆಸರು ಮಾಡಿದವರು. ಅವರು ಉಕ್ರೇನಿನಿಂದ ಎರಡು ಸುಖೋಯ್-27 ತಂದು ರಿಪೇರಿ ಮಾಡಿ ಹಾರಿಸಿದರು. ನಮ್ಮ ವಾಯುಪಡೆಯ ಸುಖೋಯ್-30ರ ಅಣ್ಣನಂಥ ವಿಮಾನ ಅದು. ಖಾಸಗಿ ಹ್ಯಾಂಗರಿನಲ್ಲಿ ಅಂಥದ್ದು ನಿಂತಿತ್ತು ಅಂದರೆ ಇವರ ಕೈಗುಣ ಎಂಥದ್ದು ನೋಡಿ.

ಕಾಗದಪತ್ರ, ವಿಮೆ, ಕಂಟೇನರ್ ಬುಕ್ಕಿಂಗ್ ನೋಡುವವರು ಹೊರಗಿನವರು. ಅದು ಬಿಡಿ.

ಮಾರಾಟ ಮಾಡುವವನ ಬಗ್ಗೆ ಒಂದು ಮಾತು. ಈ ವ್ಯಾಪಾರದಲ್ಲಿ ಒಳ್ಳೆಯವನು ಎಷ್ಟೋ ಗಿರಾಕಿಗಳಿಗೆ 'ನಿಮಗೆ ಬೇಡ' ಅನ್ನುತ್ತಾನೆ. ಅಮೆರಿಕದಲ್ಲಿ ಇವನ್ನು 'ಪ್ರಯೋಗ, ಪ್ರದರ್ಶನ' ಅನ್ನುವ ವರ್ಗದಲ್ಲಿ ನೋಂದಾಯಿಸುತ್ತಾರೆ. ಮಾಮೂಲಿ ಪೈಲಟ್ ಲೈಸೆನ್ಸ್ ಸಾಲದು, ಆ ಜಾತಿಯ ವಿಮಾನಕ್ಕೇ ಬೇರೆ ಅನುಮತಿ ಬೇಕು. ದುಡ್ಡು ತಗೊಂಡು ಜನರನ್ನು ಸುತ್ತಾಡಿಸುವ ಹಾಗಿಲ್ಲ. ಗಂಟೆಗೆ 500 ಲೀಟರ್ ಹತ್ತಿರ ಇಂಧನ ಕುಡಿಯುತ್ತದೆ. ವಾರಾಂತ್ಯಕ್ಕೊಮ್ಮೆ ಹಾರುವವನು ಇದನ್ನು ಕೊಂಡರೆ ಕೈ ತಪ್ಪುವುದೇ ಜಾಸ್ತಿ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಂ ಏರ್ ಶೋನಲ್ಲಿ ಒಂದು ಹಳೇ ಹಂಟರ್ ಜೆಟ್ ಪಲ್ಟಿ ಹೊಡೆಯುವಾಗ ರಸ್ತೆಗೆ ಬಿತ್ತು. 11 ಜನ ಸತ್ತರು. ಸತ್ತವರು ಯಾರೂ ವಿಮಾನದಲ್ಲಿ ಇದ್ದವರಲ್ಲ. ಆಮೇಲೆ ಬ್ರಿಟನ್ನಿನಲ್ಲಿ ನೆಲಭಾಗದ ಮೇಲಿನ ಆಕಾಶದಲ್ಲಿ ಹಳೇ ಜೆಟ್‌ಗಳ ಕಸರತ್ತಿಗೆ ಕಡಿವಾಣ ಬಿತ್ತು. ಹಾಗಾಗಿ ಕುಂದುಗಳನ್ನು ಮೊದಲು ಹೇಳಿ, ಬೆಲೆಯನ್ನು ಆಮೇಲೆ ಹೇಳುವ ಕಂಪನಿಯನ್ನೇ ನಾನು ನಂಬುತ್ತೇನೆ.

ಇನ್ನು ಸೊಗಾನೆಯ ಮಾತು. ಇಲ್ಲಿ ಅಮೆರಿಕದಷ್ಟು ಸಲೀಸಾದ ದಾರಿ ಇಲ್ಲ. ಖಾಸಗಿಯವರು ಹಳೇ ಫೈಟರ್ ಇಟ್ಟುಕೊಂಡು ಹಾರಿಸುವ ರೂಢಿ ನಮ್ಮ ದೇಶದಲ್ಲಿ ಬೆಳೆದಿಲ್ಲ. ನಿವೃತ್ತಿಯಾದ ವಿಮಾನಗಳು ಮ್ಯೂಸಿಯಂ, ಕಾಲೇಜು, ಊರಿನ ಸರ್ಕಲ್‌ಗಳಿಗೆ ಹೋಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ಕೊನೆಯ ಮಿಗ್-21ಗಳು ನಿವೃತ್ತಿಯಾದವು. ಅವುಗಳನ್ನೂ ಕೊಂಡು ಹಾರಿಸುವ ಆಸೆ ಬೇಡ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ನಮ್ಮ ಮಳೆ ಬಿಡಬೇಕಲ್ಲ. ಅಮೆರಿಕದವರು ಹಳೇ ವಿಮಾನಗಳನ್ನು ಅರಿಜೋನಾ ಮರುಭೂಮಿಯಲ್ಲಿ ನಿಲ್ಲಿಸುವುದು ಒಣ ಗಾಳಿಗಾಗಿ. ತೀರ್ಥಹಳ್ಳಿಯಲ್ಲಿ ಜುಲೈ ತಿಂಗಳು ಬೀರುವಿನ ಬಟ್ಟೆಗೇ ಬೂಸ್ಟು ಬರುತ್ತೆ!

ಮಗನಿಗೆ ಹೇಳಿ, ಈ ಕಂಪನಿಯೊಳಗೆ ಹೋಗಲು ದುಡ್ಡಿಗಿಂತ ಹತ್ತಿರದ ಬಾಗಿಲು ವಿಮಾನ ರಿಪೇರಿ ಕಲಿಯುವುದು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ತಗೊಂಡರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್ ಕೋರ್ಸಿಗೆ ಸೇರಬಹುದು. ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಇಲಾಖೆ ಡಿಜಿಸಿಎಯ ಮಾನ್ಯತೆ ಇರುವ ಸಂಸ್ಥೆಯೇ ಹೌದಾ ಅಂತ ಮೊದಲು ನೋಡಿಕೊಳ್ಳಿ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಕರ್ಕೊಂಡು ಹೋಗಿ. 1961ರಲ್ಲಿ ಮೊದಲು ಹಾರಿದ ಮಾರುತ್, 1964ರ ಕಿರಣ್ ಎರಡೂ ಬೆಂಗಳೂರಿನಲ್ಲೇ ಹುಟ್ಟಿದ ಜೆಟ್‌ಗಳು. ಹೊರಗಿನ ಬಣ್ಣ ನೋಡಿ ವಾಪಸ್ ಬರಬೇಡಿ. ಹೊಟ್ಟೆಯ ಕೆಳಗೆ ಬಗ್ಗಿ ರಿವೆಟ್ ಸಾಲು ನೋಡಲು ಹೇಳಿ.