ಒಂಟಿಕಾಲಿನಲ್ಲಿ 30 ಸೆಕೆಂಡ್

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಎದ್ದು ನಿಂತು ಒಂದು ಕಾಲನ್ನು ನೆಲದಿಂದ ಅರ್ಧ ಅಡಿ ಮೇಲೆತ್ತಿ. ಕೈಗಳು ಪಕ್ಕದಲ್ಲೇ ಇರಲಿ. ಎತ್ತಿದ ಪಾದವನ್ನೇ ನೋಡುತ್ತಾ, ಜೋರಾಗಿ ಎಣಿಸುತ್ತಾ 30 ಸೆಕೆಂಡ್ ನಿಲ್ಲಿ. ಮೈ ತೂಗಾಡಿತಾ? ಬೀಳದಿರಲು ಕೈ ಎತ್ತಿದಿರಾ? ಎರಡೂ ಆಗಿದ್ದರೆ ಅಮೆರಿಕದ ಪೊಲೀಸರ ಲೆಕ್ಕದಲ್ಲಿ ನೀವು ಫೇಲ್. ಬೆಳಿಗ್ಗೆಯಿಂದ ಬರೀ ಕಾಫಿ ಕುಡಿದಿದ್ದರೂ ಅಷ್ಟೇ.

ಕುಡಿದು ಗಾಡಿ ಓಡಿಸುವವರನ್ನು ಪತ್ತೆ ಮಾಡಲು ಅಲ್ಲಿ ರಸ್ತೆ ಬದಿಯಲ್ಲೇ ಮೂರು ಪರೀಕ್ಷೆ ಮಾಡುತ್ತಾರೆ. ಒಂದು ಈ ಒಂಟಿಕಾಲಿನದು. ಇನ್ನೊಂದರಲ್ಲಿ ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ ನೇರ ಗೆರೆಯ ಮೇಲೆ ಒಂಬತ್ತು ಹೆಜ್ಜೆ ಹೋಗಿ, ತಿರುಗಿ, ಒಂಬತ್ತು ಹೆಜ್ಜೆ ವಾಪಸ್ ಬರಬೇಕು. ಮೂರನೆಯದು ಕಣ್ಣಿನದು. ಪೊಲೀಸರು ಪೆನ್ನನ್ನು ಅತ್ತಿತ್ತ ಆಡಿಸುತ್ತಾರೆ, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಅದನ್ನು ಹಿಂಬಾಲಿಸಬೇಕು. ಮದ್ಯ ಒಳಗೆ ಹೋದರೆ ಕಣ್ಣಿನ ಚಲನೆಯ ಮೇಲೆ ಮೆದುಳಿನ ಹಿಡಿತ ಸಡಿಲವಾಗುತ್ತದೆ, ಗುಡ್ಡೆ ಸಣ್ಣಗೆ ಅದುರುತ್ತದೆ. ಇದನ್ನು ಮನಸ್ಸು ಮಾಡಿ ತಡೆಯಲು ಆಗುವುದಿಲ್ಲ. ಹಾಗಾಗಿ ಮೂರರಲ್ಲಿ ಇದೇ ಹೆಚ್ಚು ನಂಬಬಹುದಾದದ್ದು. ಆದರೆ ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕಣ್ಣು ಹೀಗೇ ಅದುರಬಹುದು. ಕೆಲವರಿಗೆ ಹುಟ್ಟಿನಿಂದಲೇ ಅದುರುತ್ತದೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಸಂಶೋಧಕರು 1977ರಲ್ಲಿ ಇಂಥ ಪರೀಕ್ಷೆಗಳನ್ನು ಪ್ರಯೋಗಾಲಯದಲ್ಲಿ ಮೊದಲ ಬಾರಿ ಅಳೆದು ನೋಡಿದರು. ಬಂಧಿಸಬಹುದು ಎಂದು ಪೊಲೀಸರು ಹೇಳಿದವರಲ್ಲಿ 47% ಜನರ ರಕ್ತದಲ್ಲಿ ಮದ್ಯ ಆಗಿನ 0.10% ಮಿತಿಗಿಂತ ಕಡಿಮೆ ಇತ್ತು. ಆಮೇಲೆ ಪರೀಕ್ಷೆಗಳನ್ನು ತಿದ್ದಿದರು. 1998ರ ಸ್ಯಾನ್ ಡಿಯಾಗೋ ಅಧ್ಯಯನದ ಹೊತ್ತಿಗೆ ನಿಖರತೆ 91% ಎಂಬ ಅಂಕಿ ಬಂತು. ಕೋರ್ಟುಗಳಲ್ಲಿ ಈಗಲೂ ಇದನ್ನು ಎತ್ತಿ ಹೇಳುತ್ತಾರೆ.

ಈ 91ನ್ನು ಸ್ವಲ್ಪ ಬಿಡಿಸಿ ನೋಡೋಣ. ಅಲ್ಲಿ ಪರೀಕ್ಷೆಗೆ ನಿಂತವರು 297 ಜನ. ಅವರಲ್ಲಿ 214 ಜನ ನಿಜಕ್ಕೂ 0.08% ಮಿತಿ ಮುಟ್ಟಿದ್ದರು ಅಥವಾ ದಾಟಿದ್ದರು. ಪೊಲೀಸರು 210 ಜನರನ್ನು ಸರಿಯಾಗಿ ಗುರುತಿಸಿದರು. ಬಹಳ ಒಳ್ಳೆಯ ಕೆಲಸ. ಉಳಿದ 83 ಜನ ಮಿತಿಯೊಳಗೇ ಇದ್ದರು. ಅವರಲ್ಲಿ 24 ಜನ ಮಿತಿ ದಾಟಿದ್ದಾರೆ ಎಂದು ಪೊಲೀಸರು ತಪ್ಪು ಹೇಳಿದರು. ಅಂದರೆ ತಪ್ಪು ಮಾಡದ ಪ್ರತಿ ಹತ್ತು ಜನರಲ್ಲಿ ಸುಮಾರು ಮೂವರು ಸಿಕ್ಕಿಬಿದ್ದರು! ಕುಡಿದವರೇ ಜಾಸ್ತಿ ಇರುವ ಗುಂಪಿನಲ್ಲಿ ಎಲ್ಲರನ್ನೂ ಸುಮ್ನೆ 'ಕುಡಿದಿದ್ದಾರೆ' ಅಂದುಬಿಟ್ಟರೂ 72% ಸರಿ ಬರುತ್ತಿತ್ತು. ಒಟ್ಟು ನಿಖರತೆ ಅನ್ನುವ ಒಂದೇ ಅಂಕಿಯಲ್ಲಿ ಈ 24 ಜನ ಕಾಣಿಸುವುದೇ ಇಲ್ಲ. ನನಗೆ ಬೇಸರ ಅನ್ನಿಸುವುದು ಇಲ್ಲೇ.

ಒಂದು ಹನಿಯೂ ಕುಡಿಯದವರ ಗತಿ ಏನು? ಕ್ಲೆಮ್ಸನ್ ವಿಶ್ವವಿದ್ಯಾಲಯದ ಇಬ್ಬರು ಮನೋವಿಜ್ಞಾನಿಗಳು ಇಂಥ 21 ಜನ ಈ ಥರದ ಪರೀಕ್ಷೆ ಮಾಡುವುದನ್ನು ವಿಡಿಯೋ ಮಾಡಿ 14 ಪೊಲೀಸರಿಗೆ ತೋರಿಸಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. 46% ಸಲ ಪೊಲೀಸರು ಕೊಟ್ಟ ತೀರ್ಪು 'ಗಾಡಿ ಓಡಿಸಲಾಗದಷ್ಟು ಕುಡಿದಿದ್ದಾರೆ'. ಅದೇ ಜನ ಮಾಮೂಲಿಯಾಗಿ ನಡೆದಾಗ, ಮಾತಾಡಿದಾಗ ಅನುಮಾನ ಬಹಳ ಕಡಿಮೆಯಾಯಿತು.

ಒಬ್ಬೊಬ್ಬರ ಸಮತೋಲನ ಒಂದೊಂದು ಥರ, ಅಲ್ವಾ? 65 ದಾಟಿದವರಿಗೆ, ಮಂಡಿನೋವು, ಬೆನ್ನುನೋವು, ಕಿವಿಯೊಳಗಿನ ತೊಂದರೆ ಇರುವವರಿಗೆ, ತುಂಬ ದಪ್ಪ ಇರುವವರಿಗೆ ಕಷ್ಟ ಎಂದು ಪೊಲೀಸರ ತರಬೇತಿ ಪುಸ್ತಕವೇ ಹೇಳುತ್ತದೆ. ನೀವು ಮಾಮೂಲಿ ದಿನ ಎಷ್ಟು ಹೊತ್ತು ಒಂಟಿಕಾಲಿನಲ್ಲಿ ನಿಲ್ಲಬಲ್ಲಿರಿ ಎಂದು ಎದುರಿಗಿರುವ ಪೊಲೀಸರಿಗೆ ಗೊತ್ತಿರುವುದಿಲ್ಲ. ಹೋಲಿಸಿ ನೋಡಲು ಏನೂ ಇಲ್ಲ. ಮೇಲೆ ರಾತ್ರಿ, ಕಣ್ಣು ಕುಕ್ಕುವ ದೀಪ, ಪಕ್ಕದಲ್ಲೇ ಓಡುವ ಲಾರಿಗಳು, ಎದೆಯಲ್ಲಿ ಭಯ.

ನಮ್ಮ ದೇಶದಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ. ಬಾಯಿವಾಸನೆ, ತೂರಾಡುವ ನಡಿಗೆ, ತೊದಲು ಮಾತು ಇಷ್ಟರಿಂದಲೇ ಕುಡಿದಿದ್ದರು ಎಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಒಂದು ಅಳತೆ ಕೇಳುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯ ಇರಬೇಕು. ಬೆಂಗಳೂರಿನ ನಾಕಾಬಂದಿಯಲ್ಲಿ ಪೊಲೀಸರು ಬಾಯಿಗೆ ಕೊಳವೆ ಹಿಡಿದು ಊದಿ ಅನ್ನುವುದು ಇದಕ್ಕೇ.

ಗಾಂಜಾ ವಿಷಯದಲ್ಲಿ ಇಂಥ ನಂಬಿಕೆಯ ಅಳತೆಯೂ ಇಲ್ಲ. ಅದರ ಅಂಶ ರಕ್ತದಲ್ಲಿ ಎಷ್ಟಿದ್ದರೆ ಅಮಲು ಎಷ್ಟು ಎಂಬುದಕ್ಕೆ ಸರಿಯಾದ ತಾಳೆ ಸಿಗುವುದಿಲ್ಲ. ಹಾಗಾಗಿ ಅಮೆರಿಕದ ಪೊಲೀಸರು ಮತ್ತೆ ಇಂಥ ದೇಹದ ಪರೀಕ್ಷೆಗಳನ್ನೇ ನೆಚ್ಚಿಕೊಂಡಿದ್ದಾರೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 184 ಜನರ ಮೇಲೆ ಅದನ್ನೂ ಪರೀಕ್ಷಿಸಿದರು. ಅಮಲಿನ ಗಾಂಜಾ ಸೇದಿದವರಲ್ಲಿ 81% ಜನ ಫೇಲ್ ಆದರು. ಅಮಲಿನ ಅಂಶ ತೆಗೆದ ಗಾಂಜಾ ಸೇದಿದವರಲ್ಲಿ ಫೇಲ್ ಆದವರು 49%.